‘ಮತ್ತೆ ಬರ್ರಿ’ ಎಂಬ ಬಾಯಿಪಾಠ

ಮೊನ್ನೆ ಚಿತ್ರದುರ್ಗದ ಔಷಧಿ ಅಂಗಡಿಯೊಂದರಲ್ಲಿ ಮಂಡಿನೋವಿನ ಮುಲಾಮು ತೆಗೆದುಕೊಂಡು ಹೊರಟಾಗ, ಕೈಯಲ್ಲಿದ್ದ ಕಾಗದದ ಕವರಿನ ಮೇಲೆ ಕೆಂಪು ಅಕ್ಷರದಲ್ಲಿ ‘ವಂದನೆಗಳು, ಮತ್ತೆ ಬನ್ನಿ’ ಎಂದು ಅಚ್ಚಾಗಿದ್ದದ್ದು ಕಣ್ಣಿಗೆ ಬಿತ್ತು. ನೀವೇ ಹೇಳಿ, ಔಷಧಿ ಅಂಗಡಿಗೆ ಮತ್ತೆ ಬನ್ನಿ ಎಂದು ಹಾರೈಸುವುದು ಆಶೀರ್ವಾದವೋ ಶಾಪವೋ? ಪಾಪ, ಅಚ್ಚು ಹಾಕಿಸಿದವನಿಗೆ ದುರುದ್ದೇಶವೇನೂ ಇರಲಾರದು. ಎಲ್ಲರೂ ಹಾಕಿಸುತ್ತಾರೆ, ಅವನೂ ಹಾಕಿಸಿದ್ದಾನೆ. ಅಭ್ಯಾಸ.

ಅಭ್ಯಾಸದ ವಿಷಯದಲ್ಲಿ ಈಗ ಉಪದೇಶಕ್ಕೆ ಕೊರತೆಯಿಲ್ಲ. ವ್ಯಾಪಾರದಲ್ಲಿ ಗೆಲ್ಲುವುದಕ್ಕೂ ಬಾಳಿನಲ್ಲಿ ಗೆಲ್ಲುವುದಕ್ಕೂ ಯಾವ್ಯಾವ ಅಭ್ಯಾಸ ಬೇಕೆಂದು ಹೇಳುವ ಮಹನೀಯರು ಬೆಳಗಿನ ಕಾಫಿಗಿಂತ ಮುಂಚೆಯೇ ಮೊಬೈಲಿನಲ್ಲಿ ಸಿಗುತ್ತಾರೆ. ಬೇಗ ಏಳಿ, ನಗುತ್ತಿರಿ, ಇಲ್ಲ ಎನ್ನಬೇಡಿ, ನಾಲಿಗೆಯನ್ನು ಪಳಗಿಸಿ. ನಾನು ಶ್ರದ್ಧೆಯಿಂದ ಕೇಳುತ್ತೇನೆ. ಬಿ.ದುರ್ಗದ ಬಯಲಿನಲ್ಲಿ ಕುರಿಗಳ ಹಿಂದೆ ಅಲೆದು, ನನ್ನ ವಾರಿಗೆಯವರ ಮಕ್ಕಳು ಬಾಲವಾಡಿಗೆ ಹೋಗುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು ನಾನು. ಯಾರು ಪಾಠ ಹೇಳಿದರೂ ಕೈಕಟ್ಟಿ ಕೂತುಬಿಡುತ್ತೇನೆ. ಆದರೆ ಈ ಪಾಠವನ್ನು ಬಹಳ ಹಿಂದೆಯೇ, ಹಿರಿಯೂರಿನ ಬಟ್ಟೆ ಅಂಗಡಿಯೊಂದರಲ್ಲಿ ಕಲಿತಿದ್ದೆ. ಕಲಿತದ್ದು ಅನ್ನ ಕೊಟ್ಟಿತು, ನಿಜ. ಸಮಾಧಾನ ಕೊಟ್ಟಿತೆಂದು ಹೇಳಲಾರೆ.

ಅಂಗಡಿ ದಸ್ತಗೀರ್ ಸಾಹೇಬರದು. ಅವರ ತಾತ ಅದೇ ಜಾಗದಲ್ಲಿ ಕೂತು ಬಟ್ಟೆ ಮಾರಿದ್ದರಂತೆ. ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ನಾವು ಎದ್ದು ನಿಂತಿರಬೇಕು, ಸರಕಿನ ಕುಂದು ನಮ್ಮ ಬಾಯಿಂದ ಹೊರಡಬಾರದು, ಕೊಂಡವರಿಗೂ ಕೊಳ್ಳದವರಿಗೂ ಮತ್ತೆ ಬರಲು ಹೇಳಬೇಕು ಎಂಬುದು ಅವರ ಶಾಸನ. ಈ ಶಾಸನವನ್ನು ಅರಗಿಸಿಕೊಂಡವನು ನನಗಿಂತ ಹಿರಿಯನಾದ ತಿಪ್ಪೇಸ್ವಾಮಿ. ಭರಮಸಾಗರದ ಕಡೆಯವನು. ಮಗುವಿಗೆ ಟೋಪಿ ಕೊಳ್ಳಲು ಬಂದವರ ಮೈಮೇಲೆ ಸೀರೆ ಹೊದಿಸಿ, ಇದು ನಮಗೆಂದೇ ನೇಯ್ದದ್ದು ಎಂದು ಅವರೇ ಹೇಳುವಂತೆ ಮಾಡುತ್ತಿದ್ದ. ಹೊರಟವರಿಗೆಲ್ಲ ಎದೆಯ ಮೇಲೆ ಕೈಯಿಟ್ಟು, ನಗುತ್ತ ಒಂದೇ ಮಾತು: “ಮತ್ತೆ ಬರ್ರಿ ಅಣ್ಣಾ, ಮನೆ ಮಂದೀನೆಲ್ಲ ಕರ್ಕಂಡು ಬರ್ರಿ.”

ಅವನನ್ನು ನೋಡಿ ಕಲಿ ಎಂದು ಸಾಹೇಬರು ನನಗೆ ಅಪ್ಪಣೆ ಮಾಡಿದ್ದರು. ಬಾಡಿಗೆ ಕೋಣೆಯ ಕನ್ನಡಿ ಮುಂದೆ ನಿಂತು ಆ ನಗುವನ್ನು ತಾಲೀಮು ಮಾಡಿದೆ. ಊರಿಂದ ಬಂದಿದ್ದ ಅವ್ವ ಅದನ್ನು ನೋಡಿ, ಯಾವ ಹಲ್ಲು ನೋಯುತ್ತಿದೆ ಎಂದು ಕೇಳಿದಳು.

ಸಾಹೇಬರ ಶಾಸನಕ್ಕೆ ಅಪವಾದವೆಂದರೆ ಒಂದೇ, ಬಿಳಿ ಬಟ್ಟೆ. ಸಾವಾದ ಮನೆಯವರು ಬಂದರೆ ಇಂಥದ್ದಕ್ಕೆ ಎಂದು ಹೇಳುತ್ತಿರಲಿಲ್ಲ, ‘ಬಿಳೇದು ಕೊಡ್ರಿ’ ಎಂದಷ್ಟೇ ಅನ್ನುತ್ತಿದ್ದರು. ನಾವು ಅರ್ಥ ಮಾಡಿಕೊಂಡು, ಕೂರಲು ಹೇಳದೆ, ಕತ್ತರಿ ಮುಟ್ಟದೆ ಕೈಯಲ್ಲೇ ಹರಿದು, ಅಂಗಡಿಯ ಹೆಸರಿಲ್ಲದ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದೆವು. ಚೌಕಾಶಿಯಿಲ್ಲ. ಅವರು ‘ಬರ್ತೀವಿ’ ಎನ್ನುವಂತಿಲ್ಲ, ನಾವು ‘ಬರ್ರಿ’ ಎನ್ನುವಂತಿಲ್ಲ. ಅವರು ಮೆಟ್ಟಿಲಿಳಿಯುವಾಗ ನಾವು ಮುಖ ತಿರುಗಿಸಿ ಬೇರೆ ಬಟ್ಟೆ ಮಡಿಸುತ್ತಿರಬೇಕು. ಸಾಹೇಬರ ಜನಕ್ಕೂ ನಮ್ಮ ಜನಕ್ಕೂ ಒಂದೇ ಸುರುಳಿಯಿಂದ ಹರಿಯುತ್ತಿದ್ದೆವು, ಒಂದೇ ಮೌನದಲ್ಲಿ ಕೊಡುತ್ತಿದ್ದೆವು.

ಆ ವರ್ಷ ದೀಪಾವಳಿಯ ಹಿಂದಿನ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಿಪ್ಪೇಸ್ವಾಮಿ ಒಂದು ಕೈಯಲ್ಲಿ ಸೀರೆ ಬಿಚ್ಚುತ್ತ, ಇನ್ನೊಂದರಲ್ಲಿ ಅಂಗಿಬಟ್ಟೆ ಅಳೆಯುತ್ತ, ಮೂರು ಸಂಸಾರದ ಜೊತೆ ಏಕಕಾಲಕ್ಕೆ ಮಾತಾಡುತ್ತಿದ್ದ. ಆ ಗದ್ದಲದ ಅಂಚಿನಲ್ಲಿ ಆದಿವಾಲದ ಕುರಿಗಾರ ಚಿತ್ತಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತಿದ್ದ. ಅಂಗಡಿಯ ಹಳೆಯ ಗಿರಾಕಿ. ಬೆಳೆದ ಮಗ ಬೆಳಗಿನ ಜಾವ ಎದೆ ಹಿಡಿದುಕೊಂಡು ತೀರಿಕೊಂಡಿದ್ದ ಎಂಬುದು ನಮಗೆ ಆಮೇಲೆ ತಿಳಿದದ್ದು. ಬಿಳೇದು ಕೇಳಿದ. ತಿಪ್ಪೇಸ್ವಾಮಿಯ ಕೈಗೆ ರೂಢಿ ತಪ್ಪಲಿಲ್ಲ. ಕತ್ತರಿ ಮುಟ್ಟದೆ ಹರಿದ, ಬರಿಯ ಕಾಗದದಲ್ಲಿ ಸುತ್ತಿದ, ಕೊಟ್ಟ. ತಪ್ಪಿದ್ದು ಬಾಯಿ. ಎದೆಯ ಮೇಲೆ ಕೈಯಿಟ್ಟು, ನಗುತ್ತ, ಅವನು ದಿನವೂ ಹೇಳುವ ಮಾತನ್ನು ಪೂರ್ತಿಯಾಗಿ ಹೇಳಿದ, ಮನೆ ಮಂದಿಯನ್ನೂ ಬಿಡದೆ.

ಚಿತ್ತಪ್ಪ ಕಟ್ಟನ್ನು ಕಂಬಳಿಯೊಳಗೆ ಇಟ್ಟುಕೊಂಡು, ಮರ್ಯಾದಸ್ಥರು ಉತ್ತರ ಕೊಡುವ ಹಾಗೆ “ಆಗ್ಲಪ್ಪ” ಅಂದ. ಹೋದ.

ಆ ಸಂಜೆ ಸಾಹೇಬರು ತಿಪ್ಪೇಸ್ವಾಮಿಯನ್ನು ಕರೆದರು. ಬೈಗುಳಕ್ಕೆ ಸಿದ್ಧನಾಗಿ ನಿಂತವನಿಗೆ ಅವರು ಹೇಳಿದ್ದಿಷ್ಟೇ: “ಬೈಯಾಕೆ ನಂಗೆ ಬಾಯಿಲ್ಲಪ್ಪ. ಕಲಿಸಿದ್ದು ನಾನೇ.”

ಬೈದಿದ್ದರೆ ಅವನು ಉಳಿಯುತ್ತಿದ್ದನೇನೋ. ಮಾರನೆಯ ದಿನದಿಂದ ಅವನ ಮಾತೇ ನಿಂತಿತು. ಬಾಯಿ ತೆರೆಯುವ ಮುನ್ನ ಮಾತನ್ನು ತೂಗಿ ನೋಡುವಂತೆ ತಡೆಯುತ್ತಿದ್ದ. ಅಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡಿಗೆ ಹೋಗಿರುತ್ತಿದ್ದ. ಸುದ್ದಿಗೆ ಕಾಲು ಬಂದಿತ್ತು. ಚಹದಂಗಡಿಯವನು “ಏನಪ್ಪ ತಿಪ್ಪೇಸ್ವಾಮಿ, ಇವತ್ತು ಯಾರ ಮನೆ ಮಂದೀನ ಕರ್ದೆ?” ಎಂದು ಕುಟುಕುತ್ತಿದ್ದ. ಮದುವೆ ಜವಳಿಗೆ ಬಂದವರು ಮೆಲ್ಲಗೆ ಸಾಹೇಬರ ಬಳಿ, ಆತನ ಕೈಯಿಂದ ಬೇಡ ಎನ್ನತೊಡಗಿದರು. ಸಾಹೇಬರು ಅವನನ್ನು ಹಿಂದಿನ ಗೋದಾಮಿಗೆ, ಗಂಟು ಬಿಚ್ಚುವ ಕೆಲಸಕ್ಕೆ ಹಾಕಿದರು. ಈ ಲಗ್ನದ ಕಾಲ ಮುಗಿಯುವುದರೊಳಗೆ ಅವನು ಮೊದಲಿನಂತಾಗದಿದ್ದರೆ ಊರಿಗೆ ಕಳಿಸಬೇಕಾಗುತ್ತದೆ ಎಂದು ನನ್ನೆದುರಿಗೇ ಹೇಳಿದರು. ಊರಿನಲ್ಲಿ ಅವನಿಗೆ ಭೂಮಿಯಿಲ್ಲ, ಬೇರೆ ಕಸುಬು ಗೊತ್ತಿಲ್ಲ. ಇದ್ದ ಆಸ್ತಿಯೆಂದರೆ ನಾಲಿಗೆ.

ಅವನ ಚಿಂತೆ ಮಾತ್ರ ಬೇರೆಯೇ ಇತ್ತು. ಆದಿವಾಲದ ಕಡೆಯಿಂದ ಯಾರು ಬಂದರೂ ಗೋದಾಮಿನಿಂದ ಎದ್ದು ಬಂದು, ಚಿತ್ತಪ್ಪರ ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆಯೇ ಎಂದು ಕೇಳುತ್ತಿದ್ದ. ಚೆನ್ನಾಗಿದ್ದಾರೆ ಎಂದು ತಿಳಿದರೆ ಆ ದಿನ ಬುತ್ತಿ ಬಿಚ್ಚುತ್ತಿದ್ದ. ಆಡಿದ ಮಾತು ಶಾಪವಾಗಿ ಹತ್ತುವುದೆಲ್ಲ ಮೂಢನಂಬಿಕೆ ಎಂದು ನಾನು ಹೊಸದಾಗಿ ಓದಿದ ಹುಮ್ಮಸ್ಸಿನಲ್ಲಿ ಉಪನ್ಯಾಸ ಕೊಟ್ಟೆ. ಅವನು ತಾಳ್ಮೆಯಿಂದ ಕೇಳಿ, “ಹೌದು ಬಿಡು. ಆದ್ರೂ ಆವಯ್ಯ ಮತ್ತೆ ಬಿಳೇದು ಕೇಳಾಕೆ ಬರಬಾರ್ದು” ಅಂದ.

ಯುಗಾದಿ ಕಳೆದು, ಲಗ್ನದ ಕಾಲ ಮುಗಿಯುತ್ತ ಬಂದಿದ್ದ ಒಂದು ಮಧ್ಯಾಹ್ನ, ಚಿತ್ತಪ್ಪ ಬಂದ. ತಿಪ್ಪೇಸ್ವಾಮಿ ಆಗ ಯಾವುದೋ ಗಂಟನ್ನು ಹೊತ್ತು ಮುಂದಕ್ಕೆ ಬಂದಿದ್ದ. ಕಂಬಳಿ ಕಂಡದ್ದೇ ಗಂಟು ಇಳಿಸಿದ. ಯಾರೂ ಏನೂ ಕೇಳುವ ಮೊದಲೇ ಅವನ ಕೈ ತಾನಾಗಿ ಬಿಳಿ ಸುರುಳಿಯ ಕಡೆಗೆ ಹೋಯಿತು.

“ಅದಲ್ಲಪ್ಪ,” ಅಂದ ಚಿತ್ತಪ್ಪ. “ಬಣ್ಣದ್ದು ತೆಗಿ.”

ಹಿಂದೆ ಅವನ ಸೊಸೆ ನಿಂತಿದ್ದಳು, ಸತ್ತ ಮಗನ ಹೆಂಡತಿ, ತೀರ ಚಿಕ್ಕ ವಯಸ್ಸಿನವಳು. ಅವಳಿಗೆ ಸೀರುಡಿಕೆ ಗೊತ್ತಾಗಿತ್ತು. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆಗೆ ಸೇರಿಸುವ ಶಾಸ್ತ್ರ. ಸೀರೆ ತರುವುದು ಆ ಕಡೆಯವರೇ, ಆದರೂ ತನ್ನ ಮನೆಯಿಂದ ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ ಎಂದು ಚಿತ್ತಪ್ಪ ಸಾಹೇಬರಿಗೆ ಹೇಳಿದ. ಮಗನ ನಂತರ ಈಗ ಇವಳೂ ಆ ಮನೆಯಿಂದ ಹೊರಡುವವಳೇ.

ಸಾಹೇಬರು ನನ್ನನ್ನು ಮುಂದೆ ಬರದಂತೆ ಕಣ್ಣಲ್ಲೇ ತಡೆದರು. ತಿಪ್ಪೇಸ್ವಾಮಿ ಒಂದೊಂದಾಗಿ ಸೀರೆ ಹಾಸಿದ, ಹೊಗಳಲಿಲ್ಲ. ಅವಳು ಬಹಳ ಹೊತ್ತು ನೋಡಿ ಕೆಂಪಿನದೊಂದರ ಮೇಲೆ ಬೆರಳಿಟ್ಟು, “ಬಣ್ಣ ಬಿಡ್ತೈತಾ ಅಣ್ಣ?” ಎಂದು ಕೇಳಿದಳು.

“ಬಿಡ್ತೈತವ್ವ,” ಅಂದ ತಿಪ್ಪೇಸ್ವಾಮಿ. “ಮೊದ್ಲ ಒಗತಕ್ಕೆ ಬಿಡ್ತೈತೆ. ಆಮೇಲೆ ನಿಲ್ತೈತೆ.”

ಸರಕಿನ ಕುಂದನ್ನು ಆ ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸಾಹೇಬರು ತಲೆ ತಗ್ಗಿಸಿ ಕೂತಿದ್ದರು. ಅವಳು ಅದನ್ನೇ ತೆಗೆದುಕೊಂಡಳು.

ಹೊರಡುವಾಗ ಚಿತ್ತಪ್ಪ ಮೆಟ್ಟಿಲ ಮೇಲೆ ನಿಂತ. ‘ಮತ್ತೆ ಬರ್ರಿ’ ಎನ್ನಬೇಕಾದವನು ತಿಪ್ಪೇಸ್ವಾಮಿ, ಅವನು ಹಾಸಿದ ಸೀರೆಗಳನ್ನು ಮಡಿಸುತ್ತಿದ್ದ. ಕೊನೆಗೆ ಮುದುಕನೇ ಸಂಕೋಚದಿಂದ, ಕರೆದ ಮನೆಗೆ ತಡವಾಗಿ ಬಂದವನಂತೆ ಹೇಳಿದ: “ನೀನು ಹೇಳಿದ್ದೆ, ಎಲ್ಲಾರ್ನೂ ಕರ್ಕಂಡು ಬರಾಕೆ ಆಗ್ಲಿಲ್ಲಪ್ಪ. ಮಗ ಹೋದಾಗ್ನಿಂದ ನಮ್ಮಾಕಿ ಇನ್ನೂ ಬಾಗ್ಲು ದಾಟಿಲ್ಲ.”

ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನಮ್ಮ ನಾಲಿಗೆ ಹೊಟ್ಟೆಪಾಡಿಗೆ ಉದುರಿಸಿದ್ದನ್ನು ಆ ಮನುಷ್ಯ ನಿಜವಾದ ಆಹ್ವಾನವೆಂದು ಇಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ತಿಪ್ಪೇಸ್ವಾಮಿ ಬರಿಗಾಲಲ್ಲಿ ಮೆಟ್ಟಿಲಿಳಿದು, ಅವಳ ಕೈಯ ಕಟ್ಟನ್ನು ತಾನು ಹಿಡಿದುಕೊಂಡು, ಅವರ ಜೊತೆ ಬಸ್ ನಿಲ್ದಾಣದ ಕಡೆಗೆ ನಡೆದ.

ಅವನನ್ನು ಸಾಹೇಬರು ಊರಿಗೆ ಕಳಿಸಲಿಲ್ಲ. ಬಣ್ಣದ ಬಟ್ಟೆಯ ಮುಂದೆ ಕೂರಲು ಅವನೂ ಒಪ್ಪಲಿಲ್ಲ. ಬಿಳೇದು ಕೇಳಿ ಬಂದವರಿಗೆ ಕೊಡುವ ಕೆಲಸ ಕೊನೆಯವರೆಗೂ ಅವನದಾಯಿತು. ಕೊಟ್ಟ ಮೇಲೆ ನಮ್ಮಂತೆ ಮುಖ ತಿರುಗಿಸುತ್ತಿರಲಿಲ್ಲ. ಅವರೊಡನೆ ರಸ್ತೆಯವರೆಗೆ ಹೋಗಿ, ಅವರು ಕಣ್ಣಿಗೆ ಮರೆಯಾಗುವತನಕ ಬಿಸಿಲಲ್ಲಿ ನಿಂತಿರುತ್ತಿದ್ದ. ಗೆಲ್ಲುವ ಅಭ್ಯಾಸಗಳಲ್ಲಿ ಇದನ್ನು ಯಾರೂ ಸೇರಿಸಲಾರರು. ನಾನೂ ಕಲಿಯಲಿಲ್ಲ. ಅವನು ಹಾಗೆ ರಸ್ತೆಯಲ್ಲಿ ನಿಂತಿರುವಾಗ ಮದುವೆ ಜವಳಿಯವರು ಅವನ ಪಕ್ಕದಲ್ಲೇ ಹಾದು ಮೆಟ್ಟಿಲು ಹತ್ತುತ್ತಿದ್ದರು. ನಾನು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಬರ್ರಿ ಬರ್ರಿ ಎನ್ನುತ್ತಿದ್ದೆ.