ಮಖಮಲ್ ಚೀಲದ ಡಿಸ್ಕು

ಬೆಣ್ಣೆ ಹಚ್ಚಿದ ಮಾತು ಕೇಳಿದರೆ ಗೋಹರ್ ಖಾನುಮಳಿಗೆ ಹೊಟ್ಟೆ ತೊಳಸುತ್ತಿತ್ತು. ಕಾಶಾನಿನಲ್ಲೇ ಹುಟ್ಟಿ, ಅಲ್ಲೇ ಐವತ್ತು ದಾಟಿದರೂ ಈ ಕಾಯಿಲೆ ವಾಸಿಯಾಗಿರಲಿಲ್ಲ. ಆ ಊರಲ್ಲಿ ಇಬ್ಬರು ಬಾಗಿಲಲ್ಲಿ ಎದುರಾದರೆ ‘ನೀವು ಮೊದಲು’, ‘ಛೆ ಛೆ, ನೀವು ಮೊದಲು’ ಎನ್ನುತ್ತ ಒಳಗಿನ ಚಹಾ ಆರುವವರೆಗೂ ಹೊಸ್ತಿಲಲ್ಲೇ ನಿಲ್ಲುತ್ತಾರೆ. ಅತಿಥಿ ಮನೆಯ ಯಾವುದಾದರೂ ವಸ್ತುವನ್ನು ಹೊಗಳಿದರೆ ‘ನಿಮ್ಮದೇ, ತಗೊಂಡು ಹೋಗಿ’ ಎನ್ನಬೇಕು. ಅತಿಥಿ ಮೂರು ಸಲ ಬೇಡ ಎನ್ನಬೇಕು. ವಸ್ತು ಇದ್ದಲ್ಲೇ ಇರಬೇಕು. ಊರಿಗೆ ಅದು ಮರ್ಯಾದೆ. ಗೋಹರ್‌ಗೆ ಅದು ಬಾಯಿಗೆ ಹತ್ತಿದ ಭೇದಿ.

ಗಂಡ ನೊಸ್ರತ್ ಮಾತ್ರ ಈ ಮರ್ಯಾದೆಯಲ್ಲಿ ಪಳಗಿದ ಕುಳ. ಮರ್ಯಾದೆ ಅವನದು, ದುಡಿಮೆ ಅವಳದು. ಅವಳು ಕಂಪ್ಯೂಟರಿನಲ್ಲಿ ರತ್ನಗಂಬಳಿಯ ನಕ್ಷೆ ಬರೆಯುತ್ತಿದ್ದಳು. ಒಂದೊಂದು ಗಂಟಿಗೆ ಒಂದೊಂದು ಚೌಕ, ಒಂದೊಂದು ಬಣ್ಣ. ನಕ್ಷೆಯ ಹಾಳೆ ತಲುಪಿದರೆ ನೇಕಾರ ಹೆಂಗಸರ ಕೈ ಓಡುತ್ತದೆ, ಇಲ್ಲದಿದ್ದರೆ ಮಗ್ಗ ನಿಲ್ಲುತ್ತದೆ. ನಕ್ಷೆಯ ಪ್ರೋಗ್ರಾಂ ಬರೆದ ಪುಣ್ಯಾತ್ಮ ಯಾವತ್ತೋ ತೀರಿಕೊಂಡಿದ್ದ. ಅದು ಆ ಹಳೇ ಕಂಪ್ಯೂಟರಿನ ಹಳೇ ವ್ಯವಸ್ಥೆಯ ಮೇಲಷ್ಟೇ ಓಡುತ್ತಿತ್ತು. ಹೊಸದಾಗಿ ಹಾಕಿಕೊಡುವವರು ಯಾರೂ ಉಳಿದಿರಲಿಲ್ಲ. ಅದಕ್ಕೇ ಪ್ರತಿ ಶುಕ್ರವಾರ ಗೋಹರ್ ಇಡೀ ಕಂಪ್ಯೂಟರನ್ನೇ, ವ್ಯವಸ್ಥೆ, ಪ್ರೋಗ್ರಾಂ, ನಕ್ಷೆ ಎಲ್ಲ ಸಮೇತ, ಒಂದು ಪುಟ್ಟ ಡಿಸ್ಕಿಗೆ ನಕಲು ಮಾಡಿಡುತ್ತಿದ್ದಳು. ಮದುವೆಯ ರವಿಕೆ ಕತ್ತರಿಸಿ ಹೊಲಿದ ಕೆಂಪು ಮಖಮಲ್ ಚೀಲದಲ್ಲಿ ಅದನ್ನು ಹಾಕಿ ಚಹಾ ಕಾಯಿಸುವ ಸಮೋವರಿನ ಪಕ್ಕದ ಗೂಡಿನಲ್ಲಿಡುತ್ತಿದ್ದಳು.

ಒಂದು ಬೆಳಿಗ್ಗೆ ಕಂಪ್ಯೂಟರ್ ಟಕ್ ಟಕ್ ಎಂದು ಸದ್ದು ಮಾಡಿ ಕಪ್ಪಾಯಿತು. ರಿಪೇರಿಯ ಪೆಜ್ಮಾನ್ ಬಂದು ಬಿಚ್ಚಿ ನೋಡಿದ.

“ಒಳಗಿನ ಡಿಸ್ಕು ಸತ್ತಿದೆ, ಖಾನುಮ್. ಹೊಸದು ಹಾಕಿದೀನಿ, ಆದ್ರೆ ಅದು ಬರೀ ಖಾಲಿ. ನಿಮ್ಮ ಬ್ಯಾಕಪ್ ಕೊಡಿ, ಸಂಜೆಯೊಳಗೆ ಮೊದಲಿನ ಥರಾನೇ ಎದ್ದು ಕೂರುತ್ತೆ.”

“ಅದಿಲ್ದಿದ್ರೆ?”

“ಇಲ್ದಿದ್ರೆ ಇದನ್ನ ಗುಜರಿಗೆ ಹಾಕಿ.”

ಗೋಹರ್ ಗೂಡಿಗೆ ಕೈ ಹಾಕಿದಳು. ಧೂಳು ಬಿಟ್ಟರೆ ಏನೂ ಸಿಗಲಿಲ್ಲ. ತಿರುಗಿ ನೋಡಿದರೆ ನೊಸ್ರತ್ ಗೋಡೆಯ ಗಡಿಯಾರವನ್ನೇ ಹೊಸದಾಗಿ ಕಂಡವನಂತೆ ನೋಡುತ್ತಿದ್ದ.

“ಯಾರಿಗೆ ಕೊಟ್ರಿ?”

“ಕೊಡೋದೇನು ಬಂತು... ವುಸೂಗಿ ಆಗಾ ಮೊನ್ನೆ ಚಹಾಕ್ಕೆ ಬಂದಿದ್ರಲ್ಲ. ‘ಎಂಥಾ ಚೆಂದದ ಚೀಲ’ ಅಂದ್ರು. ನಿಮ್ಮದೇ, ತಗೊಳ್ಳಿ ಅಂದೆ. ಬೇಡ ಅಂದ್ರು.”

“ಎಷ್ಟು ಸಲ?”

“ಒಂದೇ ಸಲ,” ಎಂದ ನೊಸ್ರತ್ ಸೋತ ದನಿಯಲ್ಲಿ. “ಆಮೇಲೆ ತಗೊಂಡೇಬಿಟ್ರು. ಯಾರಾದ್ರೂ ಹಂಗೆ ತಗೊಳ್ತಾರಾ, ಗೋಹರ್ ಜಾನ್?”

“ಥೂ ನಿಮ್ಮ ನಾಲಿಗೆಗಿಷ್ಟು! ನನ್ನ ಅನ್ನಾನೇ ಎತ್ತಿ ಕೊಟ್ರಲ್ರೀ!”

ಊರವರು ‘ಆಗಾ’, ಅಂದರೆ ಯಜಮಾನರು, ಎನ್ನುವ ವುಸೂಗಿ ಎದುರು ಮನೆಯವರು. ಕೊಟ್ಟಿದ್ದೆಲ್ಲ ಬಾಚಿಕೊಳ್ಳುವವರೆಂದು ಬೀದಿಗೆಲ್ಲ ಗೊತ್ತು. ಅವರ ಮನೆಯಲ್ಲಿ ಊರವರ ಹೂದಾನಿಗಳೇ ಒಂದು ಕಪಾಟು ತುಂಬ ಇದ್ದವು. ಗಂಡ ಹೆಂಡತಿ ಹೋಗಿ ಕೂತದ್ದೇ ಚಹಾ ಬಂತು, ಸೌತೆಕಾಯಿ ಬಂತು, ಗಝ್ ಮಿಠಾಯಿ ಬಂತು. ನಿಮ್ಮ ಪಾದಧೂಳಿ, ನಮ್ಮ ಭಾಗ್ಯ ಎಂದೆಲ್ಲ ಬಂತು. ನೊಸ್ರತ್ ಮಾತ್ರ ಬಂದ ಕೆಲಸ ಬಿಟ್ಟು ದ್ರಾಕ್ಷಿ ಬೆಳೆಯ ಬಗ್ಗೆ ಮಾತಾಡುತ್ತಿದ್ದ. ಅಷ್ಟರಲ್ಲಿ ವುಸೂಗಿ ಜೇಬಿನಿಂದ ಆ ಕೆಂಪು ಚೀಲ ತೆಗೆದರು. ಒಳಗೆ ಬೆರಳು ತೂರಿಸಿ ತಮ್ಮ ಹಲ್ಲಿನ ಸೆಟ್ಟು ಎತ್ತಿದರು. ಎಂಜಲ ಎಳೆ ಮಖಮಲ್ಲಿನಿಂದ ಗಲ್ಲದವರೆಗೂ ಜೋತಾಡಿತು. ಹಲ್ಲು ಹಾಕಿಕೊಂಡು ಮಿಠಾಯಿ ಅಗಿಯತೊಡಗಿದರು.

ತನ್ನ ಮದುವೆಯ ರವಿಕೆ! ಗೋಹರ್ ಬಾಯಲ್ಲಿದ್ದ ಚಹಾವನ್ನು ಕಷ್ಟಪಟ್ಟು ನುಂಗಿದಳು.

“ಒಳಗಿದ್ದ ಡಬ್ಬಿ ಎಲ್ಲಿ, ಆಗಾ?”

“ಅದಾ? ನಮ್ಮ ಫ್ರಿಜ್ಜು ಅಲ್ಲಾಡ್ತಿತ್ತು ನೋಡಿ. ಒಂದು ಕಾಲಿನ ಕೆಳಗೆ ಇಟ್ಟೆ, ಅಳತೆ ತಗೊಂಡು ಮಾಡಿಸಿದ ಹಾಗೆ ಕೂತಿತು. ನಿಮ್ಮ ನೆನಪು ಅಂತ ದಿನಾ ನೋಡ್ತೀನಿ.”

ನೊಸ್ರತ್ ಅವಳ ಮೊಣಕೈ ಹಿಡಿದ. “ಕೊಟ್ಟಿದ್ದನ್ನ ವಾಪಸ್ ಕೇಳಬಾರದು, ಗೋಹರ್ ಜಾನ್. ತಲೆ ಎತ್ತಿ ತಿರುಗೋ ಹಾಗಿರಲ್ಲ.”

“ಕೇಳೋದಾ?” ಎಂದರು ವುಸೂಗಿ ಹಲ್ಲು ಕಿರಿಯುತ್ತ. “ಇದು ನಿಮ್ಮದೇ ಮನೆ, ಖಾನುಮ್. ಏನು ಬೇಕೋ ತಗೊಂಡು ಹೋಗಿ!”

“ಆಯ್ತು, ತಗೊಂಡೆ,” ಎಂದು ಗೋಹರ್ ಎದ್ದು ಸೀದಾ ಅಡುಗೆಮನೆಗೆ ನುಗ್ಗಿದಳು. ಹಿಂದೆ ಯಾರೋ ಉಸಿರು ಎಳೆದುಕೊಂಡದ್ದು ಕೇಳಿಸಿತು.

ಫ್ರಿಜ್ಜಿನ ಅಡಿ ದೇವರೇ ಕಾಪಾಡಬೇಕು. ಚೆಲ್ಲಿದ ದಾಳಿಂಬೆ ಪಾಕ ಅಂಟುಗಟ್ಟಿತ್ತು, ಅದರಲ್ಲಿ ಕೂದಲಿತ್ತು, ಬೆನ್ನು ಮಗುಚಿ ಬಿದ್ದ ಜಿರಳೆಗಳಿದ್ದವು. ಭುಜ ಕೊಟ್ಟು ಫ್ರಿಜ್ಜನ್ನು ಎತ್ತಿ, ಡಿಸ್ಕನ್ನು ಕಿತ್ತಳು. ಅದರ ಜೊತೆ ಒಂದು ಜಿರಳೆಯ ಕಾಲೂ ಬಂತು. ಮುಖ ಹಿಂಡಿದಳೇ ಹೊರತು ಕೈ ಬಿಡಲಿಲ್ಲ. ಹಿಂದೆ ಫ್ರಿಜ್ಜು ಧಡ್ ಎಂದು ಓರೆಯಾಗಿ ಕೂತಿತು.

ಮನೆಯಲ್ಲಿ ಡಿಸ್ಕನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ ಪೆಜ್ಮಾನ್‌ನ ಕೈಗೆ ಕೊಟ್ಟಳು. ಅವನು ತಂತಿ ಚುಚ್ಚಿದ. ಏನೂ ಆಗಲಿಲ್ಲ. ಬೇರೆ ತಂತಿ ಹಾಕಿದ. ಪುಟ್ಟ ದೀಪ ಮಿಣಕ್ ಎಂದಿತು. ಪರದೆಯ ಮೇಲೆ ನೀಲಿ ಪಟ್ಟಿ ತೆವಳತೊಡಗಿತು. ಗೋಹರ್ ಕದಲದೆ ಕೂತಳು. ನಿಂತಿತೆಂದರೆ ಅವಳ ಕಸುಬೂ ನಿಂತಂತೆ. ಆಮೇಲೆ ಗಂಡನ ಮರ್ಯಾದೆಯನ್ನೇ ಬೇಯಿಸಿ ಉಣ್ಣಬೇಕು. ಅರ್ಧದಲ್ಲಿ ಒಮ್ಮೆ ನಿಂತಿತು ಕೂಡ, ಮತ್ತೆ ತೆವಳಿತು. ಬಿಸಿಲು ಇಳಿಯುವ ಹೊತ್ತಿಗೆ ಹಳೇ ಪರದೆ, ಹಳೇ ಪ್ರೋಗ್ರಾಂ, ಅರ್ಧ ಬರೆದ ದಾಳಿಂಬೆ ತೋಟದ ನಕ್ಷೆ, ಎಲ್ಲ ಮೊದಲಿದ್ದಂತೆಯೇ ಎದ್ದುಬಂತು. ಗೋಹರ್ ಮುಖ ಮುಚ್ಚಿಕೊಂಡು ಬಿಕ್ಕಿದಳು.

ಅದೇ ಹೊತ್ತಿಗೆ ಬಾಗಿಲು ಬಡಿದ ಸದ್ದು. ವುಸೂಗಿ! ಬೇಸರವೇನೂ ಇಲ್ಲವೆಂದು ತೋರಿಸಲು ಮಿಠಾಯಿ ಡಬ್ಬಿ ಹಿಡಿದು ಬಂದಿದ್ದರು. ಪರದೆ ನೋಡಿ ಕಣ್ಣರಳಿಸಿದರು. “ಆಹಾ! ಏನು ಚೆಂದ, ಏನು ಚೆಂದ!”

ನೊಸ್ರತ್ ಗಾಬರಿಯಿಂದ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡ. ಆಗ, “ನಿಮ್ಮದೇ, ಆಗಾ, ತಗೊಂಡು ಹೋಗಿ,” ಎಂದಿತೊಂದು ದನಿ.

ಅದು ಗೋಹರ್‌ಳದೇ. ಐವತ್ತು ವರ್ಷ ಉಗಿದರೂ ಹೋಗದ ಆ ಮಾತು ಅವಳ ಬಾಯಲ್ಲೇ ಗೂಡು ಕಟ್ಟಿತ್ತು. ಜಿರಳೆಯನ್ನು ಮುಟ್ಟಿದಾಗಲೂ ಅವಳಿಗೆ ಇಷ್ಟು ಹೇಸಿಗೆಯಾಗಿರಲಿಲ್ಲ.

“ಅಯ್ಯೋ, ಬೇಡ,” ಎನ್ನುತ್ತ ವುಸೂಗಿ ಆಗಲೇ ಮೇಜಿನ ಕಡೆ ಒಂದು ಹೆಜ್ಜೆ ಇಟ್ಟಿದ್ದರು.

“ಬೇಡ ಅಂದ್ರಲ್ಲ, ಅಲ್ಲಿಗೆ ಮುಗೀತು,” ಎಂದು ಗೋಹರ್ ಡಿಸ್ಕನ್ನು ಕಿತ್ತು ಹೊದ್ದಿದ್ದ ಚಾದರದೊಳಗೆ ಸೇರಿಸಿಕೊಂಡಳು.

“ಒಂದೇ ಸಲ ಬೇಡ ಅಂದಿದ್ದಕ್ಕೆ ಒಪ್ಪಿಬಿಟ್ಯಲ್ಲೇ,” ಎಂದು ನೊಸ್ರತ್ ನರಳಿದ. “ನಮ್ಮ ಮರ್ಯಾದೆ ಹೋಯ್ತು.”

“ಹೋಗ್ಲಿ ಬಿಡಿ. ಅದಕ್ಕೆ ಬ್ಯಾಕಪ್ ಇಲ್ಲ.”