ಹಂಸಿನಿ ಹತ್ತದೆ ಬಿಟ್ಟ ಶಿಖರ

ಚಿತ್ರದುರ್ಗದ ಬಂಡೆಗಳ ಮೇಲೆ ಆಡಿ ಬೆಳೆದ ಹಂಸಿನಿಗೆ ದೆಹಲಿಯ ಸಪಾಟು ನೆಲ ಎಂದೂ ಒಗ್ಗಲಿಲ್ಲ. ನೋಯ್ಡಾದ ಕಂಪನಿಯೊಂದರಲ್ಲಿ ಕೆಲಸ, ಇಂದಿರಾಪುರಂನಲ್ಲಿ ಬಾಡಿಗೆ ಮನೆ. ಸ್ವಲ್ಪ ಬಿಡುವು ಸಿಕ್ಕರೂ ಹಿಮಾಲಯದ ಬಸ್ಸು ಹತ್ತಿಬಿಡುತ್ತಿದ್ದಳು. ಜೊತೆಗೆ ಯಾವಾಗಲೂ ಇಂದುಶೇಖರ. ಇಬ್ಬರೂ ಎಂ.ಎ. ಒಟ್ಟಿಗೆ ಓದಿದವರು, ಅವನು ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತಿದ್ದ.

ಲಡಾಖಿನ ಝನ್ಸ್ಕಾರದ ಒಳಕಣಿವೆಯೊಂದರಲ್ಲಿ ಆ ಹೆಸರಿಲ್ಲದ ಶಿಖರವನ್ನು ಅವಳಿಗೆ ತೋರಿಸಿದವನು ಅವನೇ. ಅದನ್ನು ಅದುವರೆಗೆ ಯಾರೂ ಹತ್ತಿರಲಿಲ್ಲ. "ಮೊದಲು ಕಾಲಿಡೋದು ನಾವೇ ಕಣೇ" ಎಂದಿದ್ದ. ಆಮೇಲೆ ಕೂತರೂ ನಿಂತರೂ ಇಬ್ಬರಿಗೂ ಅದೇ ಮಾತು. ಹೋದ ವರ್ಷ ಆಗಸ್ಟಿನಲ್ಲಿ ಹೊರಟೇಬಿಟ್ಟರು.

ತುದಿ ಕಣ್ಣೆದುರೇ ಇದ್ದಾಗ, ಹಗ್ಗದ ಗಂಟು ಸರಿಮಾಡಲೆಂದು ಅವನು ಬಲಗೈಯ ಗವಸು ಬಿಚ್ಚಿದ. ಗಾಳಿ ಅದನ್ನು ಕಿತ್ತುಕೊಂಡು ಹೋಯಿತು. ಹಂಸಿನಿ ತನ್ನ ಒಳಗವಸನ್ನು ತೊಡಿಸುವಷ್ಟರಲ್ಲೇ ಬೆರಳುಗಳು ಮೇಣದ ಹಾಗೆ ಬೆಳ್ಳಗಾಗಿದ್ದವು.

"ಇಳಿಯೋಣ" ಎಂದಳು.

"ತಲೆ ಕೆಟ್ಟಿದೆಯಾ? ಇಲ್ಲೇ ಇದೆ ನೋಡು!"

"ನಿನ್ನ ಕೈ ನೋಡ್ಕೋ, ಶೇಖರ."

"ಕೈ ನಂದು. ನೀನು ನಡಿ."

ಅವಳು ಕದಲಲಿಲ್ಲ. ಇಬ್ಬರ ಸೊಂಟಕ್ಕೂ ಒಂದೇ ಹಗ್ಗ. ಅವಳು ಬಾರದೆ ಅವನು ಹೋಗುವಂತಿರಲಿಲ್ಲ. ಬೇಡಿಕೊಂಡ, ಬೈದ, ಕೊನೆಗೆ ಅಳುತ್ತಲೇ ಇಳಿದ.

ಇಳಿದರೂ ಕೈ ಉಳಿಯಲಿಲ್ಲ. ರಸ್ತೆ ಮುಟ್ಟುವುದರೊಳಗೆ ಬೆರಳು ಕಪ್ಪಿಟ್ಟಿದ್ದವು. ದೆಹಲಿಯ ಆಸ್ಪತ್ರೆಯಲ್ಲಿ ಬಲಗೈಯ ಹೆಬ್ಬೆರಳೊಂದನ್ನು ಬಿಟ್ಟು ಉಳಿದ ಬೆರಳುಗಳನ್ನೆಲ್ಲ ತೆಗೆದರು. ಅವನು ಕಿದ್ವಾಯಿ ನಗರದಲ್ಲಿ ಅಕ್ಕ ಸರಳಾಳ ಸರ್ಕಾರಿ ಕ್ವಾರ್ಟರ್ಸ್ ಸೇರಿದ. ಕಾಲೇಜಿಗೆ ಮತ್ತೆ ಹೋಗಲಿಲ್ಲ.

ಹಂಸಿನಿ ಪ್ರತಿ ಭಾನುವಾರ ಹೋಗುತ್ತಿದ್ದಳು. ಅವನು ಟಿವಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಅಡುಗೆಮನೆಯಲ್ಲಿ ಸರಳಕ್ಕ ಚಹಾ ಕೊಡುತ್ತ, "ಜೀವಂತ ಕರ್ಕೊಂಡು ಬಂದೆಯಲ್ಲ, ನಮಗಷ್ಟೇ ಸಾಕಮ್ಮ" ಎನ್ನುವಳು. ಆ ಮಾತನ್ನು ಅವನ ಬಾಯಲ್ಲಿ ಕೇಳಬೇಕೆಂದು ಹಂಸಿನಿಗೆ ಎಷ್ಟು ಆಸೆಯಿತ್ತೋ!

ಈ ಜುಲೈಯಲ್ಲಿ ವಿದೇಶಿ ತಂಡವೊಂದು ಆ ಶಿಖರ ಹತ್ತಿತು, ಇವರು ಹೋದ ದಾರಿಯಲ್ಲೇ. ಶಿಖರಕ್ಕೆ ಒಂದು ಹೆಸರನ್ನೂ ಇಟ್ಟಿದ್ದರು. ಆಫೀಸಿನಲ್ಲಿದ್ದಾಗ ಫೋನಿನಲ್ಲಿ ಆ ಸುದ್ದಿ ಓದಿದವಳೇ ಹಂಸಿನಿ ಆಟೋ ಹಿಡಿದು ಕಿದ್ವಾಯಿ ನಗರಕ್ಕೆ ಬಂದಳು.

"ನನಗೂ ಗೊತ್ತಾಯ್ತು" ಎಂದ, ಅವಳಿನ್ನೂ ಚಪ್ಪಲಿ ಬಿಡುತ್ತಿದ್ದಾಗಲೇ.

"ಅವತ್ತು ಮೇಲೆ ಹೋಗಿದ್ರೆ ನೀನು ಬದುಕ್ತಿರಲಿಲ್ಲ, ಶೇಖರ."

"ಇರಬಹುದು. ನನ್ನ ಕೇಳಿದ್ಯಾ?"

ಆ ತುದಿ ತನಗೂ ಬೇಕಿತ್ತು ಎನ್ನುವುದನ್ನು ಹೇಳದೆ, ಅವಳು ಬಿಟ್ಟ ಚಪ್ಪಲಿಗಳನ್ನು ಬಾಗಿಲ ಪಕ್ಕಕ್ಕೆ ಸರಿಸಿಟ್ಟಳು.

"ಇನ್ನು ಬರಬೇಡ, ಹಂಸಿನಿ" ಎಂದ. ಸಿಟ್ಟಿನಿಂದಲ್ಲ, ತೀರಾ ದಣಿದವನ ಹಾಗೆ.

ಗೇಟಿನವರೆಗೂ ಬಂದ ಸರಳಕ್ಕ, "ಮನಸ್ಸಿಗೆ ಹಚ್ಕೋಬೇಡ" ಎಂದಳು. ಆದರೆ ಮುಂದಿನ ಭಾನುವಾರ ಬಾ ಎನ್ನಲಿಲ್ಲ.

ಅಕ್ಟೋಬರಿನಲ್ಲಿ ಚಾರಣದ ಗೆಳೆಯರು ಬೇರೊಂದು ಬೆಟ್ಟಕ್ಕೆ ಕರೆದರು. ಬರುವುದಿಲ್ಲ ಎಂದಳು ಹಂಸಿನಿ. ಯಾಕೆಂದು ಕೇಳಿದರು. ಇನ್ನೊಬ್ಬರೊಡನೆ ಒಂದೇ ಹಗ್ಗ ಕಟ್ಟಿಕೊಳ್ಳುವುದು ತನ್ನಿಂದಾಗದು ಎಂದು ಹೇಳಲು ಹೋಗಲಿಲ್ಲ.