ಸಬೀನಾಳ ಬಾಯಿ, ಸಂತನ ಮೇಣ

ಲಿನ್ ಪಟ್ಟಣದ ಸಂತ ಎಡ್ಮಂಡನ ಸಂಘದಲ್ಲಿ ಎಲ್ಲರೂ ಅಣ್ಣ, ಎಲ್ಲರೂ ಅಕ್ಕ. ನಿಯಮವೇ ಹಾಗಿತ್ತು. ಒಬ್ಬರನ್ನೊಬ್ಬರು ಬೈದರೆ ಒಂದು ಪೌಂಡು ಜೇನುಮೇಣ ದಂಡ. ಆ ಮೇಣದ ಬತ್ತಿಗಳು ಸಂತನ ಮೂರ್ತಿಯ ಮುಂದೆ ಉರಿಯುತ್ತಿದ್ದವು. ಮೀನು ಮಾರುವ ವಿಧವೆ ಸಬೀನಾ ಸಂಘಕ್ಕೆ ಸೇರಿದ ಮೇಲೆ ಹನ್ನೊಂದು ವರ್ಷ ಸಂತ ಕತ್ತಲೆಯನ್ನೇ ಕಂಡಿರಲಿಲ್ಲ.

"ಮೀನು ಮೂಸಬೇಡ್ವೋ, ಮೀನೇ ಮೂರ್ಛೆ ಹೋದೀತು!" ಎಂಬುದು ಅವಳ ಸೌಮ್ಯ ಮಾತು. ದಂಡ ತೆರಲು ಅವಳಿಗೆ ಬೇಸರವೂ ಇರಲಿಲ್ಲ. ಭಾನುವಾರ ದೀಪಗಳ ಮುಂದೆ ಮಂಡಿಯೂರಿ, ಇದು ರೊಟ್ಟಿಯವನಿಗೆ ಬೈದದ್ದು, ಇದು ಚಮ್ಮಾರನಿಗೆ ಎಂದು ಹೆಮ್ಮೆಯಿಂದ ಗುರುತು ಹಿಡಿಯುತ್ತಿದ್ದಳು. ಉಳಿದ ಅಣ್ಣಂದಿರು ಸಂತನಿಗಾಗಿ ಚೀಲ ಬಿಚ್ಚಬೇಕಾಗಿಯೇ ಬಂದಿರಲಿಲ್ಲ.

ಸುಗ್ಗಿ ಮುಗಿದಾಗ ಊರೂರು ಅಲೆಯುವ ಸನ್ಯಾಸಿಯೊಬ್ಬ ಬಂದು, ಬೈಯುವ ನಾಲಿಗೆಗಳನ್ನು ನರಕದಲ್ಲಿ ಕೊಕ್ಕೆಗೆ ಸಿಕ್ಕಿಸಿ ಒಣಹಾಕುತ್ತಾರೆ ಎಂದು ಉಪದೇಶ ಮಾಡಿದ. ದಿನವೂ ಮೀನು ಒಣಹಾಕುವವಳಿಗೆ ಆ ಚಿತ್ರ ಸರಿಯಾಗಿ ನಾಟಿತು. ಅಂದೇ ಇನ್ನು ಬೈಯುವುದಿಲ್ಲ ಎಂದು ಆಣೆ ಇಟ್ಟಳು.

ನವೆಂಬರಿನಲ್ಲಿ ಸಂತನ ಹಬ್ಬಕ್ಕೆ ಮೂರೇ ದಿನ ಉಳಿದಿತ್ತು. ಉಳಿದಿದ್ದ ಬತ್ತಿ ಎರಡೇ ತುಂಡು. ಸಂಘದ ಹಿರಿಯ, ಉಣ್ಣೆ ವ್ಯಾಪಾರಿ ಥರ್ಸ್ಟನ್, ಸಬೀನಾಳ ಅಂಗಡಿಯ ಮುಂದೆ ಬಂದು ನಿಂತ.

"ಏನಕ್ಕ, ಈ ಮೀನು ನೋಹನ ಕಾಲದ್ದಾ?"

"ಬೇರೇದು ಕೊಡ್ತೀನಿ ಅಣ್ಣ."

"ನಿನ್ನ ತಕ್ಕಡೀನೇ ಮೋಸದ್ದು."

"ನೀನೇ ತೂಗ್ಕೋ ಅಣ್ಣ."

"ನಿನ್ನ ಗಂಡ ಸಮುದ್ರಕ್ಕೆ ಬಿದ್ದಿದ್ದೇ ನಿನ್ನಿಂದ ತಪ್ಪಿಸ್ಕೊಳ್ಳೋಕಂತೆ!"

ಅವಳ ಕೈಯ ಚಾಕು ಅಲ್ಲೇ ನಿಂತಿತು. ಕಿವಿ ಕೆಂಪಾದವು. ಸಂತೆಗೆ ಸಂತೆಯೇ ಕಾಯಿತು.

"ದೇವರು ನಿಂಗೆ ಒಳ್ಳೇದು ಮಾಡ್ಲಿ," ಎಂದಳು.

ಥರ್ಸ್ಟನ್‌ನ ತಾಳ್ಮೆ ಕೆಟ್ಟಿತು. "ಬೈಯೇ ಗಯ್ಯಾಳಿ! ದೆವ್ವದ ಮೊಟ್ಟೆ! ಆ ಹಾಳು ಬಾಯಿಗೆ ಏನು ಬಡೀತೇ?"

ಪಕ್ಕದ ರೊಟ್ಟಿಯವನೂ ಸಂಘದವನೇ. ಮೆಲ್ಲಗೆ ಕೆಮ್ಮಿದ. "ಅಣ್ಣಾ, ಎಲ್ಲರಿಗೂ ಕೇಳಿಸ್ತು. ಹಿರಿಯರು ಬೈದ್ರೆ ದಂಡ ದುಪ್ಪಟ್ಟು."

ಹಬ್ಬದ ದಿನ ಮೂರ್ತಿಯ ಮುಂದೆ ಬೆಳಕೋ ಬೆಳಕು. ಪಾದ್ರಿಯವರು ಥರ್ಸ್ಟನ್‌ನ ಹೆಸರು ಹಿಡಿದು ಅವನ ಉದಾರತೆಯನ್ನು ಹರಸಿದರು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಯಾರೂ ಸಬೀನಾಳ ಹೆಸರು ಎತ್ತಿರಲಿಲ್ಲ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಾಲಿಗೆ ಕಚ್ಚಿಕೊಂಡಳು. ಅಕ್ಕಪಕ್ಕದವರು ಅದನ್ನು ಭಕ್ತಿ ಎಂದುಕೊಂಡರು.

ಆಮೇಲೆ ಒಂಬತ್ತು ವರ್ಷ ಬದುಕಿದಳು, ಆಣೆ ಮುರಿಯಲಿಲ್ಲ. ವ್ಯಾಪಾರ ಮಾತ್ರ ಇಳಿಯಿತು. ಗಿರಾಕಿಗಳಲ್ಲಿ ಅರ್ಧದಷ್ಟು ಜನ ಬೈಗುಳ ಕೇಳಲೆಂದೇ ಬರುತ್ತಿದ್ದರೆಂದು ಆಗ ತಿಳಿಯಿತು. ಅವಳು ತೀರಿಕೊಂಡಾಗ ಸಂಘದವರೆಲ್ಲ ಬತ್ತಿ ಹಿಡಿದು ಹೊರಟರು. ಆಗ ಬಂದಿದ್ದ ಹೊಸ ಪಾದ್ರಿ, ಈ ತಾಯಿಯ ಮೃದುನುಡಿ ನಮಗೆಲ್ಲ ಮಾದರಿಯಾಗಲಿ ಎಂದರು. ಹೊಸಬರು ತಲೆದೂಗಿದರು. ಹಳೆಯ ಅಣ್ಣಂದಿರು ನೆಲ ನೋಡುತ್ತ, ತಮಗೆ ಬಿದ್ದಿದ್ದ ಬೈಗುಳಗಳನ್ನು ಒಂದೊಂದಾಗಿ ಪ್ರೀತಿಯಿಂದ ನೆನೆದರು.